ಕುಂಬಳಕಾಯಿ ಒಡೆದ ಮೇಲೆ

ಐಲಯ್ಯ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಮ ಕೂತು ಬನ್ನು ತಿನ್ನುತ್ತಿದ್ದ. ಕಿರೀಟ ಮಡಿಲಲ್ಲಿತ್ತು. ಮೀಸೆಗೆ ಬನ್ನಿನ ಪುಡಿ ಮೆತ್ತಿಕೊಂಡಿತ್ತು. ಗದೆಯನ್ನು ಫ್ಲೈಓವರಿನ ಕಂಬಕ್ಕೆ ಒರಗಿಸಿದ್ದ. ಐಲಯ್ಯನಿಗೆ ಹೆದರಿಕೆಯಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಸ್ಟುಡಿಯೋಗಳಲ್ಲಿ ಅವನು ಬೇಕಾದಷ್ಟು ಯಮರನ್ನು ನೋಡಿದ್ದ. ಅವರೂ ಬೆಳಿಗ್ಗೆ ಹೀಗೇ ಕಿರೀಟ ತೆಗೆದಿಟ್ಟು ಇಡ್ಲಿ ತಿನ್ನುತ್ತಿದ್ದರು. ಕರೆದುಕೊಂಡು ಹೋಗುವುದಾದರೆ ಹೋಗಲಿ ಎಂದುಕೊಂಡು ಮಗ್ಗುಲು ಬದಲಿಸಿದ.

"ಏಳಯ್ಯಾ ಅಳಿಯ," ಎಂದ ಯಮ. "ಬಿಸಿಲು ಮುಖಕ್ಕೆ ಬಂದಿದೆ. ನಾನು ಒಯ್ಯೋಕೆ ಮುಂಚೆ ಅದೇ ಒಯ್ದುಬಿಡತ್ತೆ."

ಅರ್ಧ ಬನ್ನು ಐಲಯ್ಯನ ಕಡೆ ಬಂತು. ಅವನು ತಿಂದ. ರುಚಿ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಯಮನ ಹೆಸರು ಸಾಯಿಲು. ಮಹಬೂಬ್‌ನಗರದ ಕಡೆಯ ಹಗಲುವೇಷದವನು. ಹೆಂಡತಿ ಸತ್ತಳು. ಮಕ್ಕಳು ವೇಷ ಬಿಟ್ಟು, ಉದುರಿದ ಕೂದಲಿಗೆ ಪಾತ್ರೆ ಕೊಡುವ ವ್ಯಾಪಾರ ಹಿಡಿದರು. ಮುದುಕ ಬಣ್ಣದ ಪೆಟ್ಟಿಗೆ ಹೊತ್ತು ಹೈದರಾಬಾದಿಗೆ ಬಂದ. ಸೋಮವಾರ ಶಿವ, ಮಂಗಳವಾರ ಆಂಜನೇಯ, ಶನಿವಾರ ಯಮ. ಯೂಸುಫ್‌ಗುಡದಿಂದ ಕೃಷ್ಣಾನಗರದವರೆಗೆ ಅಂಗಡಿ ಅಂಗಡಿ ಸುತ್ತುತ್ತಿದ್ದ. ಹಳ್ಳಿಯಲ್ಲಾದರೆ ದಿನಕ್ಕೊಂದು ವೇಷ ತೋರಿಸಿ, ಕೊನೆಯ ದಿನ ಸ್ವಂತ ಮುಖದಲ್ಲಿ ಬಂದು ಕೈಚಾಚುವುದು ಪದ್ಧತಿ. ಪೇಟೆಯಲ್ಲಿ ಕೊನೆಯ ದಿನದ ತನಕ ಕಾಯುವವರು ಯಾರು? ಅಲ್ಲಲ್ಲೇ ಕೇಳುತ್ತಿದ್ದ. ಆದರೆ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ. ಬಣ್ಣ ಬಿದ್ದ ಮೇಲೆ ಸಾಯಿಲು ಇಲ್ಲ. ಹೆಸರು ಹಿಡಿದು ಕರೆದರೆ ತಿರುಗುವಂತಿಲ್ಲ; ಕಿರೀಟ, ಗದೆ ಕೆಳಗಿಡಬಹುದು, ವೇಷದ ಮುಖವನ್ನು ಜನರೆದುರು ಕಳಚುವಂತಿಲ್ಲ. ಒಮ್ಮೆ ಒಬ್ಬ ಕಾನ್‌ಸ್ಟೇಬಲ್ಲು "ಲೇ ಸಾಯಿಲು" ಎಂದು ಕೂಗಿ, ತಿರುಗಲಿಲ್ಲವೆಂದು ಲಾಠಿ ಬೀಸಿದ್ದನಂತೆ.

"ಏಟು ಬಿದ್ದಿದ್ದು ಶಿವನಿಗೆ," ಎನ್ನುತ್ತಿದ್ದ ಸಾಯಿಲು. "ಬೆನ್ನು ಮಾತ್ರ ನಂದು."

ಐಲಯ್ಯ ನಗುತ್ತಿರಲಿಲ್ಲ. ಮುದುಕನಿಗೆ ಅದರಿಂದ ತೊಂದರೆಯೂ ಇರಲಿಲ್ಲ. ಮಾತಾಡಲು ಒಂದು ಕಿವಿ ಬೇಕಿತ್ತು, ಐಲಯ್ಯ ಎದ್ದು ಹೋಗುವವನಲ್ಲ. ಹೀಗೆ ಒಂದು ಕಂಬದ ಬುಡದಲ್ಲಿ ಇಬ್ಬರಾದರು, ಬರಿ ಬಾಯಿಮಾತಿನ ಮಾವ ಅಳಿಯ.

ಐಲಯ್ಯನದು ಹಗ್ಗದ ಕೆಲಸವಾಗಿತ್ತು. ಸಿನಿಮಾದಲ್ಲಿ ದೇವತೆ ಹಾರುತ್ತಾಳಲ್ಲ, ಅವಳ ಸೊಂಟದಲ್ಲಿ, ಬಟ್ಟೆಯ ಒಳಗೆ, ಒಂದು ಪಟ್ಟಿ ಇರುತ್ತದೆ. ಪಟ್ಟಿಯಿಂದ ಹಗ್ಗ ರಾಟೆಗೆ ಹೋಗುತ್ತದೆ, ರಾಟೆಯಿಂದ ಆರು ಜನರ ಕೈಗೆ ಬರುತ್ತದೆ. ಐವರು ಮುಂದಿನವನ ಬೆನ್ನು ನೋಡಿ ಎಳೆಯುತ್ತಾರೆ. ಮುಂದಿನವನು ಹಾರುವವರ ಪಾದ ನೋಡುತ್ತಾನೆ. ಮುಖ ನೋಡುವಂತಿಲ್ಲ, ಮುಖ ನೋಡಿದರೆ ಲಕ್ಷ್ಯ ತಪ್ಪುತ್ತದೆ. ಆ ಮುಂದಿನವನು ಐಲಯ್ಯ. ಎಷ್ಟೋ ನಾಯಕಿಯರನ್ನು ಅವನು ಪಾದದಿಂದಲೇ ಗುರುತಿಸುತ್ತಿದ್ದ.

ಒಂದು ಮಾಯಾಲೋಕದ ಚಿತ್ರ. ಕೊನೆಯ ದಿನ. ನಿರ್ದೇಶಕರು ಮುಗಿಯಿತು ಎಂದರು, ಕ್ಯಾಮೆರಾ ಮುಂದೆ ಕುಂಬಳಕಾಯಿ ಒಡೆದರು, ಎಲ್ಲರೂ ಬಿರಿಯಾನಿಯ ಕಡೆ ನಡೆದರು. ಸಿನಿಮಾದವರ ಲೆಕ್ಕದಲ್ಲಿ ಕುಂಬಳಕಾಯಿ ಒಡೆದ ಮೇಲೆ ಕೆಲಸವಿಲ್ಲ. ಏನಾದರೂ ಉಳಿದುಹೋಗಿದ್ದರೆ ಮತ್ತೆ ತೆಂಗಿನಕಾಯಿ ಒಡೆದು, ಹೊಸದಾಗಿ ಶುರು ಮಾಡಬೇಕು. ಆಮೇಲೆ ಯಾರಿಗೋ ನೆನಪಾಯಿತು, ದೇವತೆ ಮೋಡದಿಂದ ಇಳಿಯುವ ಒಂದು ತುಣುಕು ಉಳಿದಿದೆ ಎಂದು. ನಾಯಕಿ ಹೊರಟುಹೋಗಿದ್ದಳು. ಅವಳ ಬದಲಿ ಹಾರುವ ಹುಡುಗಿ ತಾಯಾರು ಮುಖ ತೊಳೆದುಕೊಂಡು ಊಟದ ಸಾಲಿನಲ್ಲಿ ನಿಂತಿದ್ದಳು. ಹಗ್ಗದವರಲ್ಲಿ ನಾಲ್ವರು ತಿನ್ನುತ್ತಿದ್ದರು. ಇಬ್ಬರು ಸಾಕು, ಒಂದೇ ಶಾಟು ತಾನೇ ಎಂದವನು ಐಲಯ್ಯನೇ. ತೆಂಗಿನಕಾಯಿಯ ಮಾತನ್ನು ಯಾರೂ ಎತ್ತಲಿಲ್ಲ. ತಾಯಾರು ಮೇಲಿದ್ದಾಗ ಹಗ್ಗ ಕೈಯಿಂದ ಜಾರಿತು. ಆಸ್ಪತ್ರೆ ಮುಟ್ಟುವ ಮೊದಲೇ ತಾಯಾರು ಹೋದಳು.

ಯಾರೂ ಅವನನ್ನು ಬೈಯಲಿಲ್ಲ. ಯೂನಿಯನ್ನಿನವರು ಬೆನ್ನು ತಟ್ಟಿದರು. ಕುಂಬಳಕಾಯಿ ಒಡೆದ ಮೇಲೆ ಶಾಟು ತೆಗೆದದ್ದೇ ಅಪಶಕುನ ಎಂದು ಎಲ್ಲರೂ ಒಪ್ಪಿದರು. ಅಪಶಕುನದ ಮೇಲೆ ಹಾಕಿದರೆ ಎಲ್ಲರಿಗೂ ಹಗುರ. ಐಲಯ್ಯ ಬಾಡಿಗೆ ಮನೆಗೆ ಹೋಗುವುದನ್ನು ನಿಲ್ಲಿಸಿದ. ಹೆಂಡತಿ ಒಂದಷ್ಟು ದಿನ ಹುಡುಕಿ ಬಂದಳು, ಆಮೇಲೆ ಸಿದ್ದಿಪೇಟೆಯ ತವರಿಗೆ ಹೋದಳು. ಅವನು ಪಾದಗಳನ್ನು ನೋಡುತ್ತಾ ಫುಟ್‌ಪಾತಿನಲ್ಲಿ ಕೂತ. ಪಾದಗಳು ಬರುತ್ತಿದ್ದವು, ಹೋಗುತ್ತಿದ್ದವು.

ಇದನ್ನೆಲ್ಲ ಸಾಯಿಲು ಒಂದೊಂದೇ ತುಣುಕಾಗಿ ಅವನ ಬಾಯಿಂದ ಹೊರಡಿಸಿದ್ದ. ಸಮಾಧಾನ ಹೇಳಲಿಲ್ಲ. ಬಿರಿಯಾನಿ ಹೇಗಿತ್ತು ಎಂದು ಮಾತ್ರ ಕೇಳಿದ. ತಿನ್ನಲಿಲ್ಲ ಎಂದ ಐಲಯ್ಯ. ಛೆ ಎಂದ ಸಾಯಿಲು.

ಬೇಸಿಗೆಯ ಮೊದಲಲ್ಲಿ ನಗರಪಾಲಿಕೆಯವರು ಫ್ಲೈಓವರಿನ ಕೆಳಗೆ ಅಳತೆ ಹಿಡಿದರು. ಕಂಬಗಳ ಸುತ್ತ ಕಬ್ಬಿಣದ ಜಾಲರಿ ಬರುತ್ತದಂತೆ, ಒಳಗೆ ಹೂವಿನ ಕುಂಡ ಇಡುತ್ತಾರಂತೆ. ಸಾಯಿಲು ಬೇರೆ ಜಾಗ ಹುಡುಕತೊಡಗಿದ. ಬಸ್ತಿ ಎಂದು ಕರೆಯುವ ಹತ್ತಿರದ ಕೇರಿಯಲ್ಲಿ ಕಿಷ್ಟಯ್ಯ ಎಂಬವನು ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಟೆಂಟ್ ಹೌಸ್ ನಡೆಸುತ್ತಿದ್ದ, ಅಲ್ಲಿಯ ಹನುಮಾನ್ ಗುಡಿಯ ಕಮಿಟಿಗೂ ಅವನೇ ದೊಡ್ಡವನು. ಗುಡಿಯ ಹಿಂದೆ ಅವನ ಸಾಮಾನಿನ ಕೋಣೆಯಿತ್ತು. ಕಾವಲಿಗೆ ಜನ ಬೇಕಿತ್ತು. ಆದರೆ ಕಿಷ್ಟಯ್ಯನ ತಲೆಯಲ್ಲಿ ಬೇರೊಂದು ಹುಳು ಹೊಕ್ಕಿತ್ತು. ಹೋದ ವರ್ಷ ಹನುಮ ಜಯಂತಿಗೆ ಪಕ್ಕದ ಬಸ್ತಿಯವರು ಕ್ರೇನು ತಂದು ಸೀತಾರಾಮರ ಕಟೌಟಿಗೆ ಹಾರ ಹಾಕಿಸಿದ್ದರು. ಈ ಸಲ ತನ್ನ ಬಸ್ತಿಯಲ್ಲಿ ಆಂಜನೇಯನೇ ಹಾರಿ ಹೋಗಿ ಹಾರ ಹಾಕಬೇಕು ಎಂಬುದು ಅವನ ಹಟ.

ಹಾರುತ್ತಾನೆ ಎಂದು ಸಾಯಿಲು ಮಾತು ಕೊಟ್ಟುಬಂದ. ನನ್ನ ಹತ್ತಿರ ಸಿನಿಮಾದ ಹಗ್ಗದವನಿದ್ದಾನೆ, ಹಾರಿಸಿದರೆ ಇಬ್ಬರಿಗೂ ಕೋಣೆ ಕೊಡಬೇಕು ಎಂದ. ಕಿಷ್ಟಯ್ಯ ಒಪ್ಪಿದ.

ಐಲಯ್ಯ ಒಪ್ಪಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ, ಸುಮ್ಮನೆ ಮಲಗಿದ. ಮುದುಕ ಅಂಗಲಾಚಲಿಲ್ಲ.

"ಬೀಳೋನು ನಾನು. ಮುಖ ಸಪ್ಪೆ ಮಾಡ್ಕೊಂಡಿರೋದು ನೀನು," ಎಂದಷ್ಟೇ ಹೇಳಿ ಅವನೂ ಮಲಗಿದ.

ಒಂದು ಬೆಳಿಗ್ಗೆ ಪಾಲಿಕೆಯ ಲಾರಿ ಬಂತು. ಕಂಬಗಳ ಕೆಳಗಿನ ಚಾಪೆ, ಗಂಟು, ಡಬ್ಬಿಗಳನ್ನು ಎತ್ತೆತ್ತಿ ಒಳಗೆ ಒಗೆದರು. ಸಾಯಿಲುವಿನ ಬಣ್ಣದ ಪೆಟ್ಟಿಗೆಯೂ ಹೋಯಿತು. ಅಂದು ಮಂಗಳವಾರ. ಆಂಜನೇಯ ಬಾಲವನ್ನು ಕಂಕುಳಲ್ಲಿ ಹಿಡಿದು ಲಾರಿಯ ಹಿಂದೆ ಓಡಿದ. ಸ್ಕೂಟರಿನವರು ಹಾರ್ನು ಹಾಕಿ ನಕ್ಕರು. ಒಬ್ಬ ಫೋನಿನಲ್ಲಿ ವಿಡಿಯೋ ಹಿಡಿದ. ಸಿಗ್ನಲ್ಲಿನಲ್ಲಿ ಲಾರಿ ನಿಂತಾಗ ಮುದುಕ ಹತ್ತಿ ಪೆಟ್ಟಿಗೆ ತಂದ. ಮುಚ್ಚಳ ಮುರಿದಿತ್ತು, ನೀಲಿ ಪುಡಿ ಚೆಲ್ಲಿಹೋಗಿತ್ತು. ಕಂಬಕ್ಕೆ ಒರಗಿ ಬಹಳ ಹೊತ್ತು ಕೆಮ್ಮಿದ. ಮುಖಕ್ಕೆ ಕಟ್ಟಿದ ಮಂಗನ ಮೂತಿಯನ್ನು ತೆಗೆಯಲಿಲ್ಲ, ಅದರೊಳಗೇ ಕೆಮ್ಮಿದ.

ಐಲಯ್ಯ ಇದ್ದಲ್ಲೇ ಕೂತು ಎಲ್ಲವನ್ನೂ ನೋಡಿದ್ದ. ತಾನು ಏಳಬೇಕಿತ್ತು ಎಂದು ಅವನಿಗೆ ಅನ್ನಿಸಿದ್ದು ಬಹಳ ಹೊತ್ತಿನ ಮೇಲೆ. ಮುದುಕ ಬಣ್ಣ ತೊಳೆದು ಬಂದ ಮೇಲೆ ಕೇಳಿದ.

"ನಿನ್ನ ತೂಕ ಎಷ್ಟಿರಬಹುದು?"

ಸಾಯಿಲು ಅವನನ್ನೇ ನೋಡಿದ. "ಬಾಲ ಸೇರಿಸಿ ಹೇಳ್ಲಾ, ಬಿಟ್ಟು ಹೇಳ್ಲಾ?"

"ಸೇರಿಸಿ."

ಕಿಷ್ಟಯ್ಯ ಮೂರು ಜನ ಕೊಡುತ್ತೇನೆ ಎಂದ. ಆರು ಬೇಕು ಎಂದ ಐಲಯ್ಯ. ಮೂಳೆಚಕ್ಕಳದ ಮುದುಕನನ್ನು ಎತ್ತಲು ಆರು ಜನವೇ ಎಂದು ಕಿಷ್ಟಯ್ಯ ನಕ್ಕ. ಐಲಯ್ಯ ಎದ್ದು ಹೊರಟ. ಆರು ಜನ ಬಂದರು, ಎಲ್ಲರೂ ಶಾಮಿಯಾನ ಕಟ್ಟುವವರು. ನೈಲಾನು ಹಗ್ಗ ಬೇಡವೆಂದ, ಬೇರೆ ತರಿಸಿದ. ರಾಟೆಯನ್ನು ತಾನೇ ಹತ್ತಿ ಕಟ್ಟಿದ. ಮರಳಿನ ಮೂಟೆ ಕಟ್ಟಿ ಹಗಲೆಲ್ಲ ಎತ್ತಿಸಿದ, ಇಳಿಸಿದ. ಆ ಆರು ಜನಕ್ಕೆ ಬೇಸರ ಬಂತು. ಅವರಲ್ಲೊಬ್ಬ, "ಈ ಮೂಟೆಗೇ ಬಾಲ ಕಟ್ಟಿಬಿಡೋಣಣ್ಣ, ಜೈ ಅನ್ನೋರು ಇದಕ್ಕೂ ಅಂತಾರೆ" ಎಂದ. ಉಳಿದವರು ನಕ್ಕರು. ಐಲಯ್ಯ ಮತ್ತೊಮ್ಮೆ ಎತ್ತಲು ಹೇಳಿದ. ಹಗ್ಗ ಕೈಯಲ್ಲಿತ್ತು. ಏನೂ ಅನ್ನಿಸಲಿಲ್ಲ. ಮೂಟೆಗೆ ಪಾದವಿಲ್ಲ.

ಜಯಂತಿಯ ಸಂಜೆ ಬೀದಿ ತುಂಬ ಜನ. ರಾಮನ ಕಟೌಟು ಮೂರಂತಸ್ತಿನ ಮನೆಯಷ್ಟು ಎತ್ತರ. ಕೆಳಗೆ ಆಂಜನೇಯ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ಬಣ್ಣ ಬಿದ್ದ ಮೇಲೆ ಅವನು ಐಲಯ್ಯನ ಜೊತೆ ಒಂದು ಮಾತೂ ಆಡಿರಲಿಲ್ಲ. ಐಲಯ್ಯ ಪಟ್ಟಿಯ ಗಂಟನ್ನು ಎಳೆದು ನೋಡಿದ, ಇನ್ನೊಮ್ಮೆ ನೋಡಿದ, ತನ್ನ ಜಾಗಕ್ಕೆ ಬಂದು ಹಗ್ಗ ಹಿಡಿದ. ಕೆಂಪು ಬಳಿದ ಎರಡು ಪಾದ ಕಾಣುತ್ತಿದ್ದವು. ಎಡಗಾಲಿನ ಕಿರುಬೆರಳು ಇರಲಿಲ್ಲ. ಬೆನ್ನ ಹಿಂದೆ ಆರು ಜನರ ಉಸಿರು.

ಆಗ ಕಿಷ್ಟಯ್ಯ ಮುಂದೆ ಬಂದ. ಇಷ್ಟು ದೊಡ್ಡ ಕೆಲಸ, ಯಾರ ಕಣ್ಣೂ ಬೀಳಬಾರದು. ಕುಂಕುಮ ತುಂಬಿ ಕರ್ಪೂರ ಹಚ್ಚಿದ ಕುಂಬಳಕಾಯಿಯನ್ನು ಆಂಜನೇಯನಿಗೆ ಮೂರು ಸುತ್ತು ನಿವಾಳಿಸಿ, ನಡು ಬೀದಿಯಲ್ಲಿ ಎತ್ತಿ ಒಡೆದ.

ಐಲಯ್ಯನ ಕೈಗಳು ಬಿಚ್ಚಿಕೊಂಡವು. ಅವನು ಯೋಚಿಸಿ ಬಿಡಲಿಲ್ಲ. ಕುಂಬಳಕಾಯಿ ಒಡೆಯಿತು, ಕೈಗಳು ಹಗ್ಗ ಬಿಟ್ಟವು. ಇಷ್ಟು ವರ್ಷ ಶೂಟಿಂಗಿನಲ್ಲಿ ಹಾಗೆಯೇ ಬಿಟ್ಟ ಕೈಗಳು. ಕೆಂಪಗೆ ಚೆಲ್ಲಿದ ತಿರುಳನ್ನು ದಾಟಿ ಅವನು ಜನರ ನಡುವೆ ನಡೆದ. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಎಲ್ಲಿಗೋ ಬೇಡ, ಸುಮ್ಮನೆ ಆಚೆಗೆ. ಹಿಂದೆ ಕಿಷ್ಟಯ್ಯ ಬೈಯುವುದು ಕೇಳಿಸಿತು. ಹಗ್ಗದ ಆರು ಜನ ಕೂಗಿದರು, ಎಳೆಯಬೇಕೋ ಬಿಡಬೇಕೋ ಎಂದು. ಜನ ಸೀಟಿ ಹಾಕಿದರು.

"ಐಲಯ್ಯಾ."

ಆ ದನಿ ಮೂತಿಯ ಒಳಗಿನದಲ್ಲ. ಐಲಯ್ಯ ತಿರುಗಿದ. ಸಾಯಿಲು ಮಂಗನ ಮೂತಿಯನ್ನು ಕಿತ್ತು ಕೈಯಲ್ಲಿ ಹಿಡಿದಿದ್ದ. ಬಾಯಿಯ ಸುತ್ತ ಬಣ್ಣವಿಲ್ಲದ ಬಿಳಿ ಗಡ್ಡ, ಮುಂದಿನ ಹಲ್ಲಿಲ್ಲ. ಸೀಟಿಗಳು ನಿಂತವು. ಯಾರೋ ಹೆಂಗಸು ಅಯ್ಯೋ ಸ್ವಾಮಿ ಎಂದಳು. ಲಾಠಿಗೆ ತಿರುಗದವನು, ಲಾರಿಯ ಹಿಂದೆ ಓಡುವಾಗಲೂ ತೆಗೆಯದವನು, ತುಂಬಿದ ಬೀದಿಯಲ್ಲಿ ಬರಿ ಮುಖ ಹೊತ್ತು ನಿಂತಿದ್ದ.

ಅವನು ಸೊಂಟದ ಹಗ್ಗವನ್ನು ಎಳೆದುಕೊಂಡೇ ಪೂಜಾರಿಯ ತಟ್ಟೆಯ ಹತ್ತಿರ ಹೋದ, ತೆಂಗಿನಕಾಯಿ ಎತ್ತಿದ, ಕಲ್ಲಿಗೆ ಕುಕ್ಕಿದ. ಎರಡನೆಯ ಏಟಿಗೆ ಒಡೆಯಿತು. ನೀರು ಅವನ ಕೈಮೇಲೆ ಇಳಿಯಿತು.

"ಒಡೆದಿದೀನಿ. ಹಳೇದು ಯಾವುದು ಮುಗೀತೋ ಮುಗೀಲಿ, ಇದು ಈಗ ಶುರು," ಎಂದ. "ಬಂದು ಹಿಡ್ಕೋ. ಬರದಿದ್ರೆ ಈ ಆರು ಜನಾನೇ ಎಳೀಲಿ. ನಾನಂತೂ ಪಟ್ಟಿ ಬಿಚ್ಚೋನಲ್ಲ."

ಆ ಆರು ಜನ ಎಳೆದರೆ ಏನಾಗುತ್ತದೆ ಎಂದು ಐಲಯ್ಯನಿಗೆ ಗೊತ್ತಿತ್ತು. ಅವರು ಒಬ್ಬೊಬ್ಬರೂ ಒಂದೊಂದು ಕಡೆ ನೋಡುತ್ತಿದ್ದರು. ಅವನು ವಾಪಸು ಬಂದ. ಅಂಗೈಯನ್ನು ಪ್ಯಾಂಟಿಗೆ ಒರೆಸಿ ಹಗ್ಗ ಹಿಡಿದ. ಮುದುಕ ಮೂತಿಯನ್ನು ಮತ್ತೆ ಕಟ್ಟಿ ಹಾರ ಎತ್ತಿಕೊಂಡ.

"ನನ್ನ ಬೆನ್ನು ನೋಡ್ರೋ," ಎಂದ. ಆರು ಜನ ನೋಡಿದರು. "ಮಾವಾ, ಮೊಣಕಾಲು ಮಡಚು. ಹಾ. ಎಳೀರಿ."

ಕೆಂಪು ಪಾದಗಳು ನೆಲ ಬಿಟ್ಟವು.

ಹಾರಾಟವೇನೂ ಚೆನ್ನಾಗಿರಲಿಲ್ಲ. ಆಂಜನೇಯ ಅರ್ಧ ದಾರಿಯಲ್ಲಿ ಗಿರ್ರನೆ ತಿರುಗಿ ಬಸ್ತಿಗೆಲ್ಲ ಬೆನ್ನು ತೋರಿಸಿದ. ಬಾಲ ಕಾಲಿಗೆ ಸುತ್ತಿಕೊಂಡಿತು. ಹಾರ ರಾಮನ ಕೊರಳಿಗೆ ಬೀಳಲಿಲ್ಲ, ಬಿಲ್ಲಿನ ತುದಿಗೆ ಸಿಕ್ಕಿಕೊಂಡಿತು. ಅಷ್ಟು ಸಾಕಾಗಿ ಜನ ಜೈ ಎಂದರು. ಐಲಯ್ಯ ಜೈಕಾರ ಕೇಳಲಿಲ್ಲ. ಇಳಿಸುವುದೇ ಕಷ್ಟದ ಕೆಲಸ. ಅಂಗೈಯಿಂದ ಅಂಗೈಗೆ ಹಗ್ಗ ಬಿಡುತ್ತಾ, ಎರಡು ಪಾದವೂ ನೆಲದ ಮೇಲೆ ಚಪ್ಪಟೆಯಾಗಿ ಊರುವವರೆಗೆ ನೋಡಿದ. ಊರಿದ ಮೇಲೂ ಹಗ್ಗ ಹಿಡಿದೇ ನಿಂತಿದ್ದ. ಹಿಂದಿನವನು ಭುಜ ಅಲ್ಲಾಡಿಸಿ, ಮುಗೀತಣ್ಣ ಎಂದ.

ಊಟದ ಸಾಲು ಕರಗಿದ ಮೇಲೆ ಕಿಷ್ಟಯ್ಯ ಬೀಗದ ಕೈ ಹಿಡಿದು ಬಂದ. ಐಲಯ್ಯನ ಮುಂದೆ ಚಾಚಿದ. ಮುದುಕನ ಕಡೆ ನೋಡಲಿಲ್ಲ.

"ನೀನಿರು. ನಾಳೆ ಟೆಂಟು ಬಿಚ್ಚೋದಿದೆ, ನಿನ್ನಂಥೋನು ಬೇಕು. ಇವನು ಬೇಡ. ದೇವರ ಮೂತಿ ಕಿತ್ತು ಬಸ್ತಿ ಮುಂದೆ ನನ್ನ ಮಾನ ತೆಗೆದ."

"ಇಬ್ಬರಿಗೂ ಅಂದಿದ್ರಿ."

"ಅಂದಿದ್ದೆ. ಆವಾಗ ಅವನು ದೇವರಾಗಿದ್ದ."

"ಅವನು ಇಲ್ದಿದ್ರೆ ನಾನೂ ಇಲ್ಲ," ಎಂದ ಐಲಯ್ಯ. ಇನ್ನೊಬ್ಬರಿಗಾಗಿ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಕಿಷ್ಟಯ್ಯ ಬೀದಿಯುದ್ದ ನಿಂತ ಕಂಬ, ಕಟೌಟು, ಶಾಮಿಯಾನಗಳನ್ನು ಒಮ್ಮೆ ನೋಡಿದ. ಬೀಗದ ಕೈಯನ್ನು ಐಲಯ್ಯನ ಕೈಗೆ ಹಾಕಿ, ಈ ಬಸ್ತಿಯಲ್ಲಿ ಮುದುಕ ಇನ್ನು ಆಂಜನೇಯನಾಗಿ ಕಾಣಿಸಬಾರದು ಎಂದ.

"ಹಂಗಾದ್ರೆ ಯಮ ಆಗಬಹುದಾ ಶೇಠ್?" ಎಂದ ಸಾಯಿಲು. "ನಿಮ್ಮ ಮನೆಯಿಂದಲೇ ಶುರು ಮಾಡ್ತೀನಿ."

ಕಿಷ್ಟಯ್ಯ ಬೆನ್ನು ತಿರುಗಿಸಿ ಹೋದ.

ಕೋಣೆಯಲ್ಲಿ ಮಡಿಸಿದ ಬಟ್ಟೆಯ ರಾಶಿ, ಒಂದರೊಳಗೊಂದು ಸೇರಿಸಿಟ್ಟ ಕುರ್ಚಿಗಳು, ಇಲಿ ಕಡಿದ ಕಾರ್ಪೆಟ್ಟು. ಇಬ್ಬರು ಮಲಗುವಷ್ಟು ಜಾಗ ಮಾಡಿದರು. ಸಾಯಿಲು ಬಣ್ಣ ಒರೆಸಿಕೊಳ್ಳುತ್ತಾ, ಪಟ್ಟಿ ಸೊಂಟ ಕುಯ್ದುಹಾಕಿತು ಎಂದು ಗೊಣಗಿದ. ಮೇಲಿನಿಂದ ಏನು ಕಂಡಿತು ಎಂದು ಐಲಯ್ಯ ಕೇಳಿದ್ದಕ್ಕೆ, ರಾಮನ ಮೊಣಕಾಲು ಕಂಡಿತು, ಫ್ಲೆಕ್ಸಿನವನು ಅಲ್ಲಿ ತನ್ನ ಫೋನ್ ನಂಬರು ಹಾಕಿದ್ದಾನೆ ಎಂದ. ಆಮೇಲೆ ಮೂತಿಯನ್ನು ಮುರಿದ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟ. ಜನರೆದುರು ಮುಖ ಕಳಚಿದವನಿಗೆ ಅವನ ಕುಲದಲ್ಲಿ ಏನು ಹೇಳುತ್ತಾರೋ ಐಲಯ್ಯನಿಗೆ ಗೊತ್ತಿರಲಿಲ್ಲ. ಕೇಳಲಿಲ್ಲ.

ಐಲಯ್ಯ ತನ್ನ ಕಾರ್ಪೆಟ್ಟನ್ನು ಹೊಸ್ತಿಲ ಹತ್ತಿರ ಹಾಸಿಕೊಂಡ. ತಲೆ ಒಳಗೆ, ಕಾಲು ಹೊರಗೆ. ಗೋಡೆಗಳ ನಡುವೆ ಮಲಗುವುದು ಹೇಗೆಂದು ಮರೆತಂತಿತ್ತು.

"ಅಳಿಯ," ಎಂದ ಸಾಯಿಲು ಆ ಕಡೆ ತಿರುಗಿಕೊಂಡೇ, "ಸೊಳ್ಳೆ ಬರ್ತಿದೆ."

ಐಲಯ್ಯ ಬೀದಿಯನ್ನು ಇನ್ನಷ್ಟು ಹೊತ್ತು ನೋಡಿದ. ಆಮೇಲೆ ಕಾಲು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ.