ಸುಡದ ಕಲ್ಲು

ವೈಶಾಖದ ಮಟಮಟ ಮಧ್ಯಾಹ್ನ. ಚಾಮರಾಜಪೇಟೆಯ ಆಂಜನೇಯನ ಗುಡಿಯಂಗಳದ ಕಲ್ಲು ಕಾದ ಹೆಂಚಾಗಿತ್ತು. ಮಿಕ್ಕವರೆಲ್ಲ ಕುಪ್ಪಳಿಸಿ ನೆರಳಿಗೆ ಓಡುತ್ತಿದ್ದರೆ, ಅಕ್ಕಯಮ್ಮ ಮಾತ್ರ ಕೈಮುಗಿದು, ರಾಮನಾಮ ಹೇಳಿಕೊಳ್ಳುತ್ತ, ಹುಲ್ಲಿನ ಮೇಲೆ ನಡೆದಂತೆ ಪ್ರದಕ್ಷಿಣೆ ಹಾಕುತ್ತಿದ್ದಳು.

"ನೋಡ್ರಪ್ಪ, ಭಕ್ತಿ ಅಂದ್ರೆ ಇದು!" ಎಂದ ಗುಡಿಯ ಉಸ್ತುವಾರಿ ನೋಡಿಕೊಳ್ಳುವ ಶೀನಣ್ಣ. "ನಾವು ಕೋತಿ ಥರ ಕುಣೀತಿದೀವಿ. ಅಕ್ಕಯಮ್ಮೋರಿಗೆ ಸ್ವಾಮಿ ಕಲ್ಲನ್ನೇ ತಂಪು ಮಾಡವ್ನೆ!"

ಇದ್ದರೂ ಇರಬಹುದು ಎಂದು ಅವಳ ಮನಸ್ಸೂ ಒಂದು ಗಳಿಗೆ ಉಬ್ಬಿತು. ಅಷ್ಟರಲ್ಲಿ ಹೊಸ ಮದುವಣಗಿತ್ತಿಯೊಬ್ಬಳು ಬಗ್ಗಿ ಅವಳ ಪಾದ ಮುಟ್ಟಿದಳು. ಬಗ್ಗಿದ ತಲೆ ಕಂಡಿತೆಂದು ಅಕ್ಕಯಮ್ಮ ಹರಸಿದಳೇ ಹೊರತು, ಪಾದಕ್ಕೆ ಕೈ ತಾಗಿದ್ದು ತಿಳಿಯಲೇ ಇಲ್ಲ. ಎದೆ ಧಸಕ್ಕೆಂದಿತು.

ಮನೆಗೆ ಬಂದರೆ ಸೊಸೆ ಯಶಶ್ರೀ ಕಿರುಚಿದಳು. "ಅತ್ತೆ, ನಿಂತ್ಕೊಳ್ಳಿ! ನೆಲ ಎಲ್ಲಾ ಒದ್ದೆ. ಕಾಲೆತ್ತಿ."

ಎರಡೂ ಅಂಗಾಲಲ್ಲಿ ಬೊಬ್ಬೆ ಎದ್ದು ಒಡೆದಿದ್ದವು.

"ಉರೀತಿಲ್ವಾ?"

"ಇಲ್ಲ ಕಣೇ."

ಹಾಗೆಂದ ಮೇಲೆ ಹುಟ್ಟಿದ ಭಯ ರಾತ್ರಿ ಕಳೆಯುವುದರೊಳಗೆ ಕೋಪವಾಗಿ ಮಾಗಿತ್ತು. ಸಂಧಿವಾತಕ್ಕೆಂದು ಮಾತ್ರೆ ಶುರುಮಾಡಿದಾಗ ಬೆರಳ ಗಂಟು ಸಡಿಲಿ ಮತ್ತೆ ಹೂ ಕಟ್ಟುವಂತಾಗಿದ್ದಳು, ನಿಜ. ಆಮೇಲೆ ಪಾದದಲ್ಲಿ ಇರುವೆ ಹರಿದಾಡಿದಂತೆ ಆಗತೊಡಗಿತು. ಹೇಳಿದಾಗಲೆಲ್ಲ ಡಾಕ್ಟರದು ಒಂದೇ ಮಾತು: "ವಯಸ್ಸಾಯ್ತಲ್ಲಮ್ಮ."

ಬೆಳಿಗ್ಗೆ ಸೊಸೆಯ ಜೊತೆ ಆಸ್ಪತ್ರೆಗೆ ಹೋದಾಗ ಅದೇ ಡಾಕ್ಟರು ಸೂಜಿಮೊನೆಯಿಂದ ಪಾದ ಚುಚ್ಚಿ ಚುಚ್ಚಿ ನೋಡಿ, ಮುಖ ಸಣ್ಣದು ಮಾಡಿದರು. "ಸಕ್ಕರೆ ಕಾಯಿಲೆ ಇಲ್ಲ ನಿಮ್ಗೆ. ನರಗಳ ಪರೀಕ್ಷೆ ಮಾಡಿಸೋಣ. ಈ ಮಾತ್ರೆಯಿಂದ್ಲೂ ಆಗಿರ್ಬಹುದು. ಅಪರೂಪ, ಆದ್ರೆ ಕೆಲವ್ರಿಗೆ ನರಕ್ಕೆ ಪೆಟ್ಟಾಗತ್ತೆ. ಇವತ್ತಿಂದಾನೇ ನಿಲ್ಸೋಣ, ಬೇರೆ ಕೊಡ್ತೀನಿ."

"ಇದು ನಿಮ್ಗೆ ಮುಂಚೇನೇ ಗೊತ್ತಿತ್ತಾ?"

"ಅಮ್ಮಾ, ಎಲ್ಲಾ ಹೇಳ್ತಾ ಕೂತ್ರೆ ಯಾರೂ ಮಾತ್ರೆ ನುಂಗಲ್ಲ."

"ನಾನು ನುಂಗ್ತಿದ್ದೆ! ಕೈ ನೆಟ್ಟಗಾದ್ವಲ್ಲ, ಯಾಕ್ ನುಂಗಲ್ಲ? ಕಾಲು ಜುಮ್ ಅಂದ್ರೆ ಬಂದು ಹೇಳಮ್ಮ ಅಂತ ಒಂದ್ ಮಾತು ಅಂದಿದ್ರೆ ಬಾಯಿ ಸವೀತಿತ್ತಾ? ಯಾರೂ ಹೇಳ್ದೇನೇ ಬಂದೆ. ನೀವು ವಯಸ್ಸಿನ್ ಮೇಲೆ ಹಾಕಿದ್ರಿ. ಗುಡಿಯೋರು ದೇವ್ರ ಮೇಲೆ ಹಾಕಿದ್ರು. ಬೆಂದಿದ್ದು ಯಾರ ಕಾಲು ಸ್ವಾಮಿ?" ಪಾದ ಮುಂದೆ ಚಾಚಿದಳು. "ವಾಪಸ್ ಬರತ್ತಾ?"

"ಬರಬಹುದು. ತಿಂಗಳುಗಳೇ ಹಿಡೀಬಹುದು. ಪೂರ್ತಿ ಬರತ್ತೆ ಅಂತ ಹೇಳಕ್ಕಾಗಲ್ಲ. ಬೇಗ ನಿಲ್ಲಿಸಿದಷ್ಟೂ ಒಳ್ಳೇದು."

ಬೇಗ! ಆ ಮಾತಿಗೆ ಅಕ್ಕಯಮ್ಮನ ಮೈಯೆಲ್ಲ ಉರಿದುಹೋಯಿತು. ಪಟ್ಟಿ ಕಟ್ಟಿದ ಕಾಲಲ್ಲೇ ಎದ್ದು ಬಾಗಿಲು ತಳ್ಳಿ ಹೊರಬಂದಳು. ಹೊರಗೆ ಬೆಂಚುಗಳ ತುಂಬ ಸೊಟ್ಟ ಬೆರಳಿನವರು, ಊದಿದ ಮಂಡಿಯವರು.

"ಅತ್ತೆ, ನಡೀರಿ. ಎಲ್ರೂ ನೋಡ್ತಿದಾರೆ," ಯಶಶ್ರೀ ಸೆರಗು ಜಗ್ಗಿದಳು.

"ನೋಡ್ಲಿ ಬಿಡೇ!" ಅಕ್ಕಯಮ್ಮ ಜನರ ಕಡೆ ತಿರುಗಿದಳು. "ಸಂಧಿವಾತದ ಮಾತ್ರೆ ಬಿಡಿ ಅಂತಿಲ್ಲ ನಾನು. ಕೆಲವ್ರಿಗೆ ಇದ್ರಿಂದ ನರ ಸಾಯತ್ತಂತೆ. ಕಾಲು ಜುಮ್ ಅಂತಿದ್ರೆ, ಮರಗಟ್ಟಿದ್ರೆ ಒಳಗೆ ಹೋಗಿ ಕೇಳಿ. ವಯಸ್ಸು ಅಂದ್ರೆ ಎದ್ದು ಬರ್ಬೇಡಿ."

ಡಾಕ್ಟರು ಬಾಗಿಲಿಗೆ ಬಂದು ನಿಂತಿದ್ದರು. ಮೂಲೆಯಲ್ಲಿ ಪಂಚೆ ಉಟ್ಟ ಮುದುಕರೊಬ್ಬರು ಚಪ್ಪಲಿ ಕಳಚಿ, ತಮ್ಮ ಹೆಬ್ಬೆರಳನ್ನು ಚಿವುಟಿಕೊಂಡರು. ಇನ್ನೊಮ್ಮೆ ಬಲವಾಗಿ ಚಿವುಟಿದರು. ಆಮೇಲೆ ತಲೆಯೆತ್ತಿದರು.

"ಡಾಕ್ಟ್ರೇ," ಎಂದರು.