ಜವಳದ ಗಾಡಿಯ ಹಿಂದಿನ ಸೀಟು

ಮಕ್ಕಳಿರುವ ಬಾಡಿಗೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮುಧೋಳದಲ್ಲಿ ಕ್ರೂಸರ್ ಹಚ್ಚಿಕೊಂಡು ನಿಲ್ಲುವ ನಮ್ಮ ಪೈಕಿ ಕೆಲವರು ಮಕ್ಕಳನ್ನು ಮಾತಾಡಿಸುತ್ತ, ಬೇಕೆಂದ ಹಾಡು ಹಚ್ಚುತ್ತ ಹೋಗುತ್ತಾರೆ. ನಾನು ಅಂಥವನಲ್ಲ. ಹತ್ತುವ ಮೊದಲೇ ಹೇಳಿಬಿಡುತ್ತೇನೆ: ವಾಂತಿ ಬರುವಂತಿದ್ದರೆ ಮುಂಚೆ ಹೇಳಬೇಕು, ಬೆಲ್ಲದ ಕೈ ಸೀಟಿಗೆ ಒರೆಸಬಾರದು, ನನ್ನ ಕಿವಿಯ ಹಿಂದೆ ಪೀಪಿ ಊದಬಾರದು. ಶಿವಯೋಗಿ ಭಾಳ ಖಡಕ್ ಮನುಷ್ಯ ಎನ್ನುತ್ತಾರೆ. ಅನ್ನಲಿ, ಸೀಟು ತೊಳೆಯುವವನು ನಾನು.

ಇಷ್ಟಾದರೂ ಸಾತವ್ವನ ಮನೆಯ ಬಾಡಿಗೆಗೆ ಹೂಂ ಅಂದೆ. ಆ ಮುದುಕಿಗೆ ಇಲ್ಲ ಅನ್ನುವ ಗಂಡಸು ನಮ್ಮ ಸುತ್ತಿನಲ್ಲಿ ಇನ್ನೂ ಹುಟ್ಟಿಲ್ಲ. ಸಮೀರವಾಡಿ ಕಡೆ ಅವರ ಹೊಲ, ಕಬ್ಬು, ಒಂದು ಹಿಂಡು ಕುರಿ, ಬೀರಪ್ಪನ ಒಕ್ಕಲು. ಮಗ ಪರಮಾನಂದ, ಸೊಸೆ ವೈಶಾಲಿ, ಒಬ್ಬನೇ ಮೊಮ್ಮಗ ಅಮೋಲ. ಅಮೋಲನ ಜವಳ ತೆಗೆಸುವುದಿತ್ತು. ಅಂದರೆ ಹುಟ್ಟಿದಾಗಿನಿಂದ ಮುಟ್ಟದೆ ಬಿಟ್ಟ ಕೂದಲನ್ನು ಮೊದಲ ಸಲ ದೇವರ ಮುಂದೆ ಕತ್ತರಿಸುವುದು. ಅದಕ್ಕೆ ವಿಜಯಪುರ ದಾಟಿ, ಇನ್ನೂ ಮುಂದೆ ಗಡಿಯ ಹತ್ತಿರವಿರುವ ಅವರ ಬೀರಪ್ಪನ ಗುಡಿಗೇ ಹೋಗಬೇಕು.

ಹೋದ ವರ್ಷವೂ ಅವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಕತ್ತರಿ ತಲೆಯ ಹತ್ತಿರ ಬಂದದ್ದೇ ತಡ, ಹುಡುಗ ಕಿಟಾರನೆ ಚೀರಿದ. ಚೀರಿದವನು ಉಸಿರನ್ನು ಒಳಗೇ ಹಿಡಿದ. ತುಟಿ ನೀಲಿಯಾಯಿತು, ಕಣ್ಣು ಮೇಲೆ ಹೋದವು, ಮೈ ಕಟ್ಟಿಗೆಯಂತೆ ಸೆಟೆಯಿತು. ವೈಶಾಲಿ ಬಾಯಿ ಬಾಯಿ ಬಡಿದುಕೊಳ್ಳುತ್ತ ಮಗನನ್ನು ಕಸಿದುಕೊಂಡು ಬಂದು ಗಾಡಿ ಹತ್ತಿದಳು. ಕೂದಲು ಹಾಗೇ ವಾಪಸ್ ಬಂತು. ಜಮಖಂಡಿಯ ಡಾಕ್ಟರಿಗೆ ತೋರಿಸಿದರೆ, ಕೆಲವು ಮಕ್ಕಳು ಅತ್ತಾಗ ಹೀಗೆ ಮಾಡುತ್ತವೆ, ಜೀವಕ್ಕೇನೂ ಭಯವಿಲ್ಲ, ದೊಡ್ಡವನಾದಂತೆ ತಾನೇ ಹೋಗುತ್ತದೆ ಅಂದರಂತೆ. ಡಾಕ್ಟರ ಮಾತು ಡಾಕ್ಟರಿಗೆ. ಹೆತ್ತವಳ ಕಣ್ಣಿಗೆ ಆ ನೀಲಿ ತುಟಿಯೊಂದೇ ಕಟ್ಟಿತ್ತು.

ಈಗ ಹುಡುಗನಿಗೆ ಐದು ತುಂಬುವುದರಲ್ಲಿತ್ತು. ಐದರೊಳಗೆ ಕೂದಲು ಕೊಡುತ್ತೇನೆಂದು ಸಾತವ್ವ ಹರಕೆ ಹೊತ್ತಿದ್ದಳು. ಆದ್ದರಿಂದ ಈ ಸಲ ಗಾಡಿ ಹತ್ತುವಾಗಲೇ ಅವಳ ಅಪ್ಪಣೆಯಾಯಿತು.

"ಹಾದ್ಯಾಗ ಕೂಸು ಅಳಬಾರದು ನೋಡ್ರಿ. ಯಾರು ಏನರ ಮಾಡ್ರಿ, ಕುಣೀರಿ, ಹಾಡ್ರಿ. ನಕ್ಕೋತ ಹೋಗಿ ಗುಡಿ ಮುಟ್ಟಬೇಕು."

ನನ್ನನ್ನೂ ನೋಡಿದಳು. ನಾನು ಕುಣಿಯುವವನಲ್ಲ ಅಂತ ಕೀಲಿ ತಿರುಗಿಸಿದೆ.

ಬನಹಟ್ಟಿಯ ಹತ್ತಿರ ವೈಶಾಲಿಯ ಅಣ್ಣ ಯಲ್ಲಾಲಿಂಗ ಹತ್ತಿದ, ಜೊತೆಗೆ ಮಗಳು ಪೂನಮ್. ಹುಡುಗಿ ಶಾಲೆಯಲ್ಲಿ ಎರಡನೇ ಇಯತ್ತೆ, ಎರಡು ಜಡೆ, ಮುಂದಿನ ಹಲ್ಲು ಬಿದ್ದಿದ್ದವು. ಜವಳದಲ್ಲಿ ಮೊದಲ ಕುಚ್ಚು ಸೋದರಮಾವನೇ ತೆಗೆಯಬೇಕು. ಈ ಮನೆತನದಲ್ಲಿ ಅದನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದಲೇ ತೆಗೆಯುತ್ತಾರೆ. ಉಳಿದದ್ದನ್ನು ಗುಡಿಯ ಕ್ಷೌರದವನು ಬೋಳಿಸುತ್ತಾನೆ. ಯಲ್ಲಾಲಿಂಗ ತನ್ನ ಕತ್ತರಿಯನ್ನು ಮಸೆದು, ತುದಿಗೆ ಅರಿವೆ ಸುತ್ತಿ, ಕರಿ ಕಂಬಳಿಯೊಳಗೆ ಭಂಡಾರದ, ಅಂದರೆ ದೇವರ ಅರಿಷಿಣ ಪುಡಿಯ, ಚೀಲದ ಸಂಗಡ ಸುರುಳಿ ಮಾಡಿ ತಂದಿದ್ದ.

"ಕೆಳಗ ಇಡ್ರಿ, ಕಾಲಾಗ ಜಾಗಾ ಐತಿ," ಅಂದೆ.

"ದೇವರ ಸಾಮಾನ ಕಾಲಾಗ ಇಡತಾರೇನೋ?" ಸಾತವ್ವ ನನ್ನ ಮೇಲೆ ಹರಿಹಾಯ್ದಳು. "ಹಿಂದಿನ ಸೀಟಿನ ಮ್ಯಾಲ ಇಡ್ರಿ. ಹುಡುಗೂರು ದೇವರಿದ್ದಂಗ, ಅವರ ಬಾಜೂನ ಇರಲಿ."

ಇಟ್ಟರು. ಇಲ್ಲಿ ಇನ್ನೊಬ್ಬರಾಗಿದ್ದರೆ ಮಕ್ಕಳ ಹತ್ತಿರ ಕತ್ತರಿ ಯಾಕೆ ಅನ್ನುತ್ತಿದ್ದರು. ಇವರಿಗೆ ಅದು ಕತ್ತರಿ ಅನ್ನಿಸಲೇ ಇಲ್ಲ.

ಮುಂದೆ ಸುರುವಾಯಿತು ನೋಡಿ ಹುಡುಗನನ್ನು ನಗಿಸುವ ಕೆಲಸ. ಕಬ್ಬಿನ ಸುಗ್ಗಿ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯ ತುಂಬ. ಪರಮಾನಂದ ಒಂದೊಂದು ಟ್ರ್ಯಾಕ್ಟರಿಗೂ "ಹೋ ನೋಡಲ್ಲಿ, ಆನಿ ಬಂತು" ಅನ್ನುತ್ತಿದ್ದ. ಹುಡುಗ ಮೊದಲೆರಡಕ್ಕೆ ನಕ್ಕ. ಆಮೇಲೆ, "ಅದು ಟ್ರ್ಯಾಕ್ಟರ್ ಐತಿ" ಅಂದ. ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆ ಕೂತಿದ್ದ ವೈಶಾಲಿ ಮೊಬೈಲ್ ಕೊಟ್ಟಳು. ಗಾಡಿ ಕುಲುಕಾಟದಲ್ಲಿ ಅದನ್ನೇ ನೋಡಿ ಅವನ ಮುಖ ಹುಳ್ಳಗಾಯಿತು. ಮೊಬೈಲ್ ಕಸಿದು ಚಾಕಲೇಟ್ ಕೊಟ್ಟಳು. ಸಾತವ್ವ ಚುರುಮುರಿ ಕೊಟ್ಟಳು. ಮಾವ ಒಂದು ಕಬ್ಬಿನ ಗಣಿಕೆ ಮುರಿದುಕೊಟ್ಟ. ಅಷ್ಟು ಜನ ಒಂದು ಕೂಸಿನ ಬಾಯಿಗೆ ತುರುಕುವುದನ್ನು ಕನ್ನಡಿಯಲ್ಲಿ ನೋಡಿ, ಸೀಟು ಒರೆಸುವ ಅರಿವೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡೆ.

ಖರೆ ಹೇಳಬೇಕೆಂದರೆ ಹುಡುಗನ ಕಾಟ ಏನೂ ಇರಲಿಲ್ಲ. ಕಾಟ ಇದ್ದದ್ದು ಅವನವ್ವನದು. ಅವನು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಿದ್ದರೂ ಇವಳು ಅವನ ಗದ್ದ ಹಿಡಿದು ತಿರುಗಿಸುವಳು. "ಯಾಕೋ ಅಮೋಲ? ಏನಾತೋ? ಅಳು ಬರಾಕತ್ತೈತೇನು? ಅಳಬ್ಯಾಡ ನನ್ನಪ್ಪಾ. ಕತ್ತರಿಗಿ ಅಂಜಬ್ಯಾಡ, ಅವ್ವ ಅದೇನಿ." ಅವಳ ಧ್ವನಿಯೇ ಅಳುಧ್ವನಿ. ಹುಡುಗ ಅವಳ ಮುಖ ನೋಡುತ್ತ ನೋಡುತ್ತ ತುಟಿ ಸೊಟ್ಟ ಮಾಡುವನು. ಜಮಖಂಡಿ ದಾಟುವುದರೊಳಗೆ ಮೂಗು ಸೊರಸೊರ ಅನ್ನತೊಡಗಿತು. ಅವನು ಮೂಗೇರಿಸಿದಂತೆಲ್ಲ ಅವಳ ಧ್ವನಿ ಏರುತ್ತಿತ್ತು.

ಕೃಷ್ಣೆಯ ಸೇತುವೆ ಹತ್ತಿರ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಗಾಡಿ ಬದಿಗೆ ಹಾಕಿದೆ.

"ಅಕ್ಕಾರ, ನೀವು ಮುಂದ ಬಂದು ಕೂಡ್ರಿ. ನಿಮ್ಮ ದನಿ ಕೇಳಿ ನನಗ ಅಳು ಬರಾಕತ್ತೈತಿ, ಹುಡುಗಗ ಬರಲಾರದೇನು?"

"ನಾ ಬಾಜೂಕ ಇಲ್ಲಂದ್ರ ಅಂವ ಉಸುರು ಹಿಡಿತಾನ್ರಿ!"

"ನೀವು ಬರಲಿಲ್ಲಂದ್ರ ನಾ ಗಾಡಿ ಬಿಡಂಗಿಲ್ಲ ನೋಡ್ರಿ."

ನನಗೇನು ಮಕ್ಕಳ ಮನಸ್ಸು ತಿಳಿಯುತ್ತದೆ ಅಂತಲ್ಲ. ಕಿವಿಗೆ ಸ್ವಲ್ಪ ಆರಾಮ ಬೇಕಿತ್ತು, ಅಷ್ಟೆ. ಸಾತವ್ವ "ಹೋಗ, ಹೋಗಿ ಕೂಡ" ಅಂದಳು. ಪೂನಮ್ ಹಿಂದಿನ ಸೀಟಿನಿಂದ, "ಅತ್ತೀ, ನಾ ಆಡಸ್ತೀನಿ ಅವನ್ನ" ಅಂದಳು. ವೈಶಾಲಿ ಮುಂದೆ ಬಂದು ಕೂತಳು. ಕೂತವಳು ಹೊರಳಿ ಹೊರಳಿ ನೋಡುತ್ತಿದ್ದಳು. ನಡುವಿನ ಸೀಟಿನ ಮೂರು ತಲೆ ಅಡ್ಡ ಬಂದು ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ "ಬ್ಯಾ" ಅಂತ ಕೇಳಿಸಿತು.

"ಏನ ಅದು?" ಅಂದಳು ಸಾತವ್ವ.

"ಅಮೋಲ ಕುರಿಮರಿ ಆಗ್ಯಾನ, ಆಯಿ. ನಾ ಕುರುಬರಾಕಿ," ಅಂದಳು ಪೂನಮ್.

"ಬ್ಯಾ!" ಅಂದ ಅಮೋಲ, ಕಿಲಕಿಲ ನಕ್ಕ.

ಗಾಡಿಯೊಳಗೆ ಹಬ್ಬವೇ ಆಯಿತು. ಪರಮಾನಂದ "ಬ್ಯಾ" ಅಂದ. ಯಲ್ಲಾಲಿಂಗ ದಪ್ಪ ಧ್ವನಿಯಲ್ಲಿ ಟಗರಿನಂತೆ ಅಂದ. ಮುದುಕಿಯೂ ಸೆರಗು ಬಾಯಿಗೆ ಹಿಡಿದು "ಬ್ಯಾ" ಅಂದಳು. ಬಬಲೇಶ್ವರ ದಾಟಿ ವಿಜಯಪುರ ಬರುವವರೆಗೂ ಇದೇ ನಡೆಯಿತು. ಆಮೇಲೆ ಹಿಂದಿನ ಸೀಟು ಗಪ್ಪಾಯಿತು. ನಡುನಡುವೆ ಪೂನಮ್ ಕುರಿ ಸಮಾಧಾನ ಮಾಡುವವರಂತೆ ತುಟಿ ಅದುರಿಸುವ "ತುರ್‍ರ್" ಸದ್ದು ಮಾತ್ರ. ಯಲ್ಲಾಲಿಂಗ ಮೀಸೆಯಲ್ಲೇ ನಗುತ್ತ, "ನನ್ನ ಮಗಳು ಎಂಥಾ ಹುಷಾರಿ ನೋಡ್ರಿ" ಅಂದ. ಎಲ್ಲರೂ ತೂಕಡಿಸಿದರು. ಇಂಥ ಬಾಡಿಗೆ ದಿನಾ ಸಿಕ್ಕರೆ ಛಲೋ ಅಂದುಕೊಂಡೆ ನಾನೂ.

ಚಹಾಕ್ಕೆ ಅಂತ ಒಂದು ಕಡೆ ನಿಲ್ಲಿಸಿದಾಗ ಸಾತವ್ವ ಮೊಮ್ಮಗನನ್ನು ಇಳಿಸಿಕೊಳ್ಳಲು ಹಿಂದಿನ ಬಾಗಿಲು ತೆಗೆದಳು. ತೆಗೆದವಳು ಅಲ್ಲೇ ನಿಂತಳು.

ಕಂಬಳಿ ಸೀಟಿನ ಮೇಲೆ ಹಾಸಿತ್ತು. ಅಮೋಲ ಅದರ ಮೇಲೆ ಅಡ್ಡಡ್ಡ ಮಲಗಿದ್ದ. ಪೂನಮ್ ಅವನ ತಲೆಯನ್ನು ಎರಡು ಮೊಣಕಾಲಿನ ನಡುವೆ ಹಿಡಿದುಕೊಂಡಿದ್ದಳು, ಅವಳಪ್ಪ ಕುರಿಯನ್ನು ಹಿಡಿಯುತ್ತಾನಲ್ಲ, ಹಾಗೇ. ಕೈಯಲ್ಲಿ ಕತ್ತರಿ. ಅಮೋಲನ ಬಲಗಿವಿಯ ಮೇಲಿನ ಕೂದಲು ಅಂಗೈ ಅಗಲ ಹೋಗಿ ಬಿಳಿ ಚರ್ಮ ಕಾಣುತ್ತಿತ್ತು. ಹುಡುಗ ಕಣ್ಣು ಮುಚ್ಚಿ ಸುಖವಾಗಿ "ಬ್ಯಾ" ಅಂದ.

"ಯಪ್ಪಾ ಬೀರಪ್ಪಾ! ಹರಕಿ ಕೂದಲಾ!" ಅಂತ ಸಾತವ್ವ ಹಣೆ ಹಣೆ ಬಡಿದುಕೊಂಡಳು. ಯಲ್ಲಾಲಿಂಗ ಓಡಿ ಬಂದು ಮಗಳಿಗೆ ಕೈ ಎತ್ತಿದ. ಅಷ್ಟರಲ್ಲಿ ವೈಶಾಲಿ ಅವರೆಲ್ಲರನ್ನೂ ನೂಕಿ ಮುಂದೆ ಬಂದಳು. ಕತ್ತರಿ ನೋಡಿದಳು. ಕಿವಿಯ ಬದಿಯ ಬೋಳು ನೋಡಿದಳು. "ಅಯ್ಯಯ್ಯೋ ನನ್ನ ಕೂಸ!" ಅಂತ ಅವಳು ಚೀರಿದ್ದು ಆಚೆಯ ಹೊಲದವರಿಗೂ ಕೇಳಿರಬೇಕು.

ಅಮೋಲ ಕಣ್ಣು ತೆರೆದ. ಅವ್ವನ ಮುಖ ನೋಡಿದ. ಬಾಯಿ ಅಗಲವಾಯಿತು, ಧ್ವನಿ ಹೊರಡಲಿಲ್ಲ. ತುಟಿ ನೀಲಿಯಾಗುತ್ತ ಹೋಯಿತು.

ಹೆಂಗಸರು ನೀರು ನೀರು ಅಂತ ಒದರಿದರು. ಪೂನಮ್ ಒಬ್ಬಳೇ ಗಾಬರಿಯಾಗಲಿಲ್ಲ. ಅವಳಿಗೆ ಇನ್ನೂ ಆಟ ಮುಗಿದಿರಲಿಲ್ಲ. ಅವನ ಮುಖಕ್ಕೆ ಮುಖ ತಂದು ಫೂ ಅಂತ ಊದಿ, "ಏ ಮರೀ, ತುರ್‍ರ್" ಅಂದಳು. ಹುಡುಗ ಒಮ್ಮೆ ಬಿಕ್ಕಿದ. ಉಸಿರು ಒಳಗೆ ಹೋಯಿತು, ತುಟಿಗೆ ಬಣ್ಣ ಬಂತು. ವೈಶಾಲಿ ಅವನನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಅವನು ಹಿಂದೆ ಸರಿದು ಪೂನಮ್ಮಳ ಲಂಗ ಹಿಡಿದುಕೊಂಡ.

ಸಾತವ್ವ ಕಂಬಳಿಯ ಮೇಲೆ ಬಿದ್ದ ಕೂದಲನ್ನು ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಂಡಳು. ಆರಿಸುತ್ತ ಆರಿಸುತ್ತ ಅವಳ ಉಸಿರು ಹದಕ್ಕೆ ಬಂತು.

"ನೆಲಕ್ಕ ಬಿದ್ದಿಲ್ಲ. ಕಂಬಳಿ ಮ್ಯಾಲ ಬಿದ್ದೈತಿ. ಕಂಬಳಿ ಅಂದ್ರ ಬೀರಪ್ಪನ ಗಾದಿ," ಅಂದಳು. "ಕತ್ತರಿ ಹಚ್ಚಿದ ಕೈನೂ ಸೋದರಮಾವನ ಮನೀದ. ಇದನ್ನ ಅವನ ಮುಂದ ಇಟ್ಟು ತಪ್ಪಾತು ಅನ್ನೂಣು. ಒಪ್ಪಗೋತಾನ ಅಂವ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಆದ್ರ ವೈಶಾಲಿ, ನೀ ಒಳಗ ಬರಬ್ಯಾಡ."

"ಅಂದ್ರ? ಹಡದಾಕಿ ಇಲ್ಲದ ಜವಳ ಏನ್ರಿ ಅತ್ತಿ?"

"ಕತ್ತರಿ ತಲೀಗಿ ಹತ್ತಿದಾಗ ನಗತಿತ್ತು ಕೂಸ. ನಿನ್ನ ಮಾರಿ ನೋಡಿ ನೀಲಿ ಆತು. ನೀನ ನೋಡಿದಿಲ್ಲ?"

ವೈಶಾಲಿ ಗಂಡನನ್ನು ನೋಡಿದಳು. ಅವನು ಚಪ್ಪಲಿ ನೋಡುತ್ತಿದ್ದ. ಅಣ್ಣನನ್ನು ನೋಡಿದಳು. ಅವನು ಕತ್ತರಿಗೆ ಅರಿವೆ ಸುತ್ತುತ್ತಿದ್ದ. ಕೊನೆಗೆ ಅವಳೇ "ಆತು" ಅಂದಳು. ಮುದುಕಿಯ ಮೇಲೆ ನನಗೆ ಸಿಟ್ಟು ಬಂತು. ಆದರೆ ಮುದುಕಿ ಹೇಳಿದ್ದು ಸುಳ್ಳಲ್ಲ ಅಂತಲೂ ಗೊತ್ತಿತ್ತು.

ಗುಡಿಯ ಮುಂದೆ ಎಲ್ಲರೂ ಇಳಿದು ಒಳಗೆ ಹೋದರು. ಅಮೋಲ ಪೂನಮ್ಮಳ ಕೈ ಹಿಡಿದು ನಡೆದ. ಗಾಡಿಯ ಮುಂದಿನ ಸೀಟಿನಲ್ಲಿ ಉಳಿದದ್ದು ವೈಶಾಲಿ, ಹೊರಗೆ ಬಾನೆಟ್ಟಿಗೆ ಒರಗಿ ನಾನು. ಡೊಳ್ಳು ಸುರುವಾಯಿತು. ಅವಳು ಗಾಜು ಇಳಿಸಿದಳು.

"ಅಳಾಕತ್ತಾನೇನ್ರಿ? ಡೊಳ್ಳಿನಾಗ ಏನೂ ಕೇಳಸವಲ್ದು. ಒಂದೀಟು ನೋಡಿ ಬರ್ರಿ."

ಬಾಗಿಲವರೆಗೆ ಹೋಗಿ ನೋಡಿದೆ. ಹುಡುಗ ಮಾವನ ತೊಡೆಯ ಮೇಲಿದ್ದ. ಕ್ಷೌರದವನು ನೀರು ಹಚ್ಚಿ ಬೋಳಿಸುತ್ತಿದ್ದ. ಪೂನಮ್ ಎದುರು ಕುಕ್ಕರಗಾಲಲ್ಲಿ ಕೂತು ತುರ್‍ರ್ ಅನ್ನುತ್ತಿದ್ದಳು. ತಿರುಗಿ ಬಂದು, "ನಗಾಕತ್ತಾನ್ರಿ" ಅಂದೆ.

"ನಗಾಕತ್ತಾನ?"

"ಹೌದ್ರಿ."

"ನನ್ನ ಕೇಳಿದ್ನೇನ್ರಿ? ಅವ್ವಾ ಎಲ್ಲಿ ಅಂತ?"

ಹೂಂ ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನನಗೆ ಹಾಗೆ ಹೇಳಲು ಬರುವುದಿಲ್ಲ. "ಇಲ್ರಿ," ಅಂದೆ.

"ಛಲೋ ಆತು ಬಿಡ್ರಿ," ಅಂದಳು. ಗಾಜು ಏರಿಸಿಕೊಂಡಳು. ಅಯ್ಯೋ ಪಾಪ ಅನ್ನಿಸಿತು ನನಗೆ. ಟೈರು ಒದ್ದು ನೋಡುತ್ತ ನಿಂತೆ.

ಭಂಡಾರ ಎರಚಿದ ಕೂಗು ಕೇಳಿತು. ಹಿಂದೆಯೇ ಹುಡುಗ ಓಡಿ ಬಂದ. ಬೋಳು ತಲೆ, ಹಳದಿ ಮುಖ. ಬಾಗಿಲು ತೆಗೆದು ನಾನೇ ಅವನನ್ನು ಮೇಲೆ ಎತ್ತಿದೆ. ತಲೆಯ ಹಿಂಬದಿಗೆ ಕ್ಷೌರದ ಕತ್ತಿ ತಾಗಿತ್ತು. ಹಳದಿಯ ಮೇಲೆ ಒಂದೆಳೆ ರಕ್ತ ಇಳಿದಿತ್ತು. ವೈಶಾಲಿಗೆ ಅದು ಕಂಡಿತು. ಅವಳ ಬೆರಳು ಸೀಟಿನ ರೆಕ್ಸಿನ್ನಿಗೆ ಊರಿಕೊಂಡವು, ಇನ್ನು ಚೀರುತ್ತಾಳೆ ಅಂದುಕೊಂಡೆ.

ಅಮೋಲ ಅವಳ ಹತ್ತಿರ ಹೋಗಿ ತಲೆ ಬಗ್ಗಿಸಿದ. "ಅವ್ವಾ, ಇಲ್ಲಿ ಉರಿಯಾಕತ್ತೈತಿ," ಅಂದ. ಒಳಗೆ ಅಷ್ಟು ಜನರಿದ್ದರೂ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲವಂತೆ.

"ಎಲ್ಲಿ, ತೋರ್ಸು," ಅಂದಳು ವೈಶಾಲಿ. ಬೆಳಗಿನಿಂದ ನಾನು ಕೇಳಿರದ ಧ್ವನಿ ಅದು, ಸಾದಾ ಧ್ವನಿ. "ಹೂಂ. ಸಣ್ಣದು ತರಚೈತಿ. ಒಂದೀಟು ಉರಿತೈತಿ, ಆಮ್ಯಾಗ ಕಡಿಮಿ ಆಗತೈತಿ."

"ಕಡಿಮಿ ಆಗತೈತಿ?"

"ಆಗತೈತಿ."

ಹುಡುಗ ಸ್ವಲ್ಪ ಯೋಚಿಸಿದ. ಆಮೇಲೆ ಅವಳ ತೊಡೆಯೇರಿ, ಬೆನ್ನನ್ನು ಅವಳ ಎದೆಗೆ ಒರಗಿಸಿ, ಮುಂದಿನ ಗಾಜಿನ ಕಡೆ ಮುಖ ಮಾಡಿ ಕೂತ. ಅವಳು ಎರಡೂ ಕೈಯಿಂದ ಅವನನ್ನು ಬಳಸಿ ಹಿಡಿದಳು. ಕಣ್ಣೀರು ಗದ್ದದವರೆಗೆ ಇಳಿಯುತ್ತಿತ್ತು, ಬಾಯಿಂದ ಒಂದು ಸದ್ದಿಲ್ಲ. ಅವನಿಗೆ ಅವಳ ಮುಖ ಕಾಣುವಂತಿರಲಿಲ್ಲ. ಉಳಿದವರು ಬಂದು ಹತ್ತಿದರು. ನಾನು ಗಾಡಿ ಚಾಲೂ ಮಾಡಿದೆ.