ಏಳನೆಯ ಚೀಲ

ಮಧ್ಯರಾತ್ರಿ ದಾಟಿದ ಮೇಲೆ ಆ ಸದ್ದು ಶುರುವಾಯಿತು. ಬಚ್ಚಲಮನೆಯ ತಗಡಿನ ಮೇಲೆ ಯಾರೋ ಎತ್ತರದಿಂದ ಸಾಸಿವೆ ಉದುರಿಸಿದಂತೆ. ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಉದುರುತ್ತದೆ. ಮಹೇಶ್ವರಿ ಉಸಿರು ಬಿಗಿಹಿಡಿದು ಕೇಳಿದಳು.

“ರೀ, ಕೇಳ್ರಿ.”

ಗಾಳೇಶ ಗೋಡೆಯ ಕಡೆಗೆ ಹೊರಳಿದ. “ಇಲಿ ಇರಬೇಕು. ಮಲಕ್ಕೊ.”

“ಇಲಿ ಮುಗಿಲಿಂದ ಉದುರ್ತಾವೇನ್ರಿ?”

“ಹಂಗಾರ ಬೆಕ್ಕು.”

ಅವನಿಗೆ ಗೊತ್ತಿತ್ತು. ಊರ ಪಕ್ಕದ ಕಬ್ಬಿಣದ ಕಾರ್ಖಾನೆಯಲ್ಲಿ ಲಾರಿಗಳ ತೂಕ ಬರೆಯುವುದು ಅವನ ಕೆಲಸ. ಹಗಲು ಚಿಮಣಿಯಿಂದ ಬಿಳಿ ಹೊಗೆ ಬರುತ್ತದೆ. ಊರು ಮಲಗಿದ ಮೇಲೆ ಧೂಳು ಹಿಡಿಯುವ ಯಂತ್ರವನ್ನು ನಿಲ್ಲಿಸುತ್ತಾರೆ. ಕರೆಂಟು ಉಳಿಯುತ್ತದೆ. ಬೆಳಗಾದರೆ ತುಳಸಿಯ ಎಲೆ, ಒಣಹಾಕಿದ ಸೀರೆ, ನೀರಿನ ಡ್ರಮ್ಮಿನ ಮುಚ್ಚಳ, ಎಲ್ಲದರ ಮೇಲೂ ಮಿಣಿಮಿಣಿ ಎನ್ನುವ ಕರಿ ಪುಡಿ. ದೂರು ಕೊಟ್ಟಾಗಲೆಲ್ಲ ಅಧಿಕಾರಿಗಳು ಬರುತ್ತಿದ್ದುದು ಹಗಲಿನಲ್ಲಿ. ಬಿಳಿ ಹೊಗೆ ನೋಡಿ, ಚಹಾ ಕುಡಿದು, “ಸಾಕ್ಷಿ ಏನೈತ್ರಿ?” ಎಂದು ಕೇಳಿ ಹೋಗುತ್ತಿದ್ದರು.

“ನಾಳೆ ಸಾಹೇಬ್ರ ಮುಂದ ನನ್ನ ಹೆಸರು ತರಬ್ಯಾಡ, ಅಷ್ಟ,” ಎಂದ ಗಾಳೇಶ, ಕಣ್ಣು ತೆರೆಯದೆ.

ಹಗಲೂ ರಾತ್ರಿಯೂ ಎಚ್ಚರವಿರುವ ಸಾಕ್ಷಿಯೊಂದು ಅವಳಿಗೆ ಹೊಳೆದದ್ದು ಊರ ಹಿಂದಿನ ಗುಡ್ಡದಲ್ಲಿ. ಸೊಸೆಯಾಗಿ ಗುಡ್ಡನಹಾಳಕ್ಕೆ ಬಂದ ಹೊಸತರಲ್ಲಿ ಅಲ್ಲಿನ ಬಂಡೆಗಳ ಮೇಲೆ ಹಳದಿ, ಬೂದು, ಕಿತ್ತಳೆ ಬಣ್ಣದ ಕಲ್ಲುಹೂವು ರಂಗೋಲಿ ಇಟ್ಟ ಹಾಗೆ ಹಬ್ಬಿತ್ತು. ಕಾರ್ಖಾನೆ ಬಂದ ಮೇಲೆ, ಅದಕ್ಕೆ ಮುಖ ಮಾಡಿದ ಬದಿಯಲ್ಲಿ ಬರೀ ಕಲ್ಲು ಉಳಿಯಿತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಕೊಪ್ಪಳದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳಿಗೆ ಅದು ಬರೀ ಕಲ್ಲಾಗಿ ಕಾಣಲಿಲ್ಲ; ಕಲ್ಲುಹೂವು ಗಾಳಿಯಲ್ಲಿದ್ದುದನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಅವಳು ಓದಿದ್ದಳು. ತನಗೆ ಪಾಠ ಹೇಳಿದ್ದ ಮೇಡಂಗೆ ಬರೆದಳು. ಅವರು ಘಟ್ಟದ ಕಡೆಯಿಂದ ಜೀವಂತ ಕಲ್ಲುಹೂವನ್ನು ತೊಗಟೆ ಸಮೇತ ತರಿಸಿಕೊಟ್ಟರು. ಅದನ್ನು ಸಣ್ಣ ಬಲೆಯ ಚೀಲಗಳಲ್ಲಿ ತುಂಬಿ ಊರಿನ ಏಳು ಕಡೆ ಕಟ್ಟಬೇಕು, ಮೂರು ತಿಂಗಳು ಬಿಡಬೇಕು, ಆಮೇಲೆ ಅದರೊಳಗೆ ಏನೇನು ಸೇರಿದೆ ಎಂದು ಪ್ರಯೋಗಾಲಯದಲ್ಲಿ ನೋಡಬೇಕು. ಸುಸ್ತಾಗುವಷ್ಟು ಓಡಾಡಿದ ಮೇಲೆ ಮಾಲಿನ್ಯದ ಕಚೇರಿಯವರು ಒಪ್ಪಿದ್ದರು. ಧೂಳು ಸಿಕ್ಕರೆ ಕಾರ್ಖಾನೆಯವರು ರಾತ್ರಿಯೂ ಧೂಳು ಹಿಡಿಯುವ ಯಂತ್ರ ನಡೆಸಲೇಬೇಕು. ಆದರೆ ಅವರದೊಂದು ಷರತ್ತು: ಚೀಲಗಳನ್ನು ಊರು, ಕಾರ್ಖಾನೆ ಎರಡೂ ಕಡೆಯವರ ಎದುರಿಗೇ ಇಳಿಸಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು.

ಇಳಿಸುವ ದಿನ ನಾಳೆ. ಅವಳು ಪರೀಕ್ಷೆಯ ಪೇಪರು ತಿದ್ದಲು ಬಳ್ಳಾರಿಗೆ ಹೋಗಿ ಹಿಂದಿನ ಸಂಜೆಯಷ್ಟೇ ಬಂದಿದ್ದಳು. ತಾನಿಲ್ಲದ ಆ ಹದಿನೈದು ದಿನ ಚೀಲಗಳಿಗೆ ಏನಾಗಿರಬಹುದು ಎಂಬ ಯೋಚನೆ ಅವಳನ್ನು ಮಲಗಲು ಬಿಡಲಿಲ್ಲ. ಬೆಳಕು ಹರಿಯುತ್ತಲೇ ಚಪ್ಪಲಿ ಮೆಟ್ಟಿ ಹೊರಟಳು.

ಶಾಲೆಯ ಕಂಬದ್ದು ಸರಿಯಾಗಿತ್ತು. ಪಂಚಾಯಿತಿಯ ಹುಣಸೆಮರದ್ದು ಸರಿಯಾಗಿತ್ತು. ಹೈದರಸಾಬನ ಚಹಾದಂಗಡಿಯ ಮುಂದಿನದು, ಕೆರೆ ದಂಡೆಯದು, ಉಳಿದೆರಡು, ಎಲ್ಲವೂ ಇದ್ದಲ್ಲೇ ಇದ್ದವು. ಕೊನೆಯದು ಕಾರ್ಖಾನೆಯ ಗೋಡೆಗೆ ಹತ್ತಿರದ ಬೇವಿನ ಮರದ್ದು. ಎಲ್ಲಕ್ಕಿಂತ ಹೆಚ್ಚು ಧೂಳು ಉಂಡಿದ್ದು ಅದೇ. ಮೇಡಂ ಹೆಚ್ಚು ನಂಬಿದ್ದೂ ಅದನ್ನೇ.

ದೂರದಿಂದಲೇ ಕೆಂಪು ಕಂಡಿತು. ಚೀಲದ ಮೈತುಂಬ ಕುಂಕುಮ. ಬಲೆಯ ಕಣ್ಣುಗಳಲ್ಲಿ ಎಕ್ಕೆಯ ಹೂ ಸಿಕ್ಕಿಸಿತ್ತು. ಕೆಳಗೆ ಕಾಂಡಕ್ಕೆ ಚುಚ್ಚಿದ ಊದುಬತ್ತಿಯ ಕಡ್ಡಿಗಳು, ಒಡೆದ ಕಾಯಿಯ ಚೂರು.

ಬೇವಿನ ಮರದ ಎದುರು ಮನೆಯ ಬಸವಣ್ಣೆಮ್ಮ ತಂಬಿಗೆ ಹಿಡಿದು ಬಂದವಳು, “ಊರಿಗೆ ಯಾವಾಗ ಬಂದೆವ್ವಾ?” ಎಂದಳು.

“ಯಕ್ಕಾ, ಇದೇನಿದು? ಯಾರು ಹಚ್ಚ್ಯಾರ ಇದಕ್ಕ?”

“ಯಾರು ಅಂದ್ರ? ನಾನ. ನೀ ಬಳ್ಳಾರಿಗೆ ಹೋದಾಗಿಂದ, ಸೋಮಾರಕ್ಕೊಮ್ಮೆ.”

“ಮುಟ್ಟಬಾರದು ಅಂತ ಹೇಳಿದ್ನೆಲ್ರಿ!”

“ದೇವರನ್ನ ಮುಟ್ಟದಂಗ ಪೂಜಿ ಹ್ಯಾಂಗ ಮಾಡೂದು? ನೀನ ಹೇಳಿದ್ದಿ, ಗುಡಿ ಮುಂದ ಮಂದಿ ಕೂಡಿಸಿ. ಇದು ಗಾಳ್ಯಾಗಿನ ವಿಷ ಎಲ್ಲ ಕುಡಿದು ತನ್ನೊಳಗ ಇಟ್ಟುಕೊಳ್ಳತೈತಿ ಅಂತ. ಮಂದಿ ಸಲುವಾಗಿ ವಿಷ ಕುಡಿದು ಗಂಟಲದಾಗ ಇಟ್ಟುಕೊಂಡಾವ ಯಾರವ್ವ? ಈಶ್ವರ ಅಲ್ಲೇನು?”

ಎಲ್ಲರಿಗೂ ತಿಳಿಯಲಿ ಎಂದು ಮಹೇಶ್ವರಿ ನಾಲ್ಕು ದಿನ ಯೋಚಿಸಿ ಆರಿಸಿದ್ದ ಮಾತು ಅದು.

“ನಮ್ಮ ಮೊಮ್ಮಗಳ ಉಬ್ಬಸ ಸೈತ ಕಮ್ಮಿ ಆಗೈತಿ ನೋಡು,” ಎಂದಳು ಬಸವಣ್ಣೆಮ್ಮ.

“ಉಳಿದ ಚೀಲಕ್ಕೂ ಹಿಂಗ ಮಾಡೀರೇನ್ರಿ?”

“ಅವು ಗಂಡಸ್ರು ಕೂಡೂ ಜಾಗದಾಗ ಅದಾವಲ್ಲ, ಅಲ್ಲಿಗ್ಯಾರು ಹೋಗ್ತಾರ? ಅವಕ್ಕ ಬೀಡಿ ಹೊಗಿನ ಧೂಪ.”

ನಗಬೇಕೋ ಅಳಬೇಕೋ ತಿಳಿಯದೆ ಮಹೇಶ್ವರಿ ಮರಕ್ಕೆ ಕೈ ಊರಿದಳು. ಕಾರ್ಖಾನೆಯ ಧೂಳಿನಂತೆ ಅಗ್ಗದ ಕುಂಕುಮದಲ್ಲೂ ಸೀಸ ಇರುತ್ತದೆ. ಪ್ರಯೋಗಾಲಯದಲ್ಲಿ ಅದು ಕಾರ್ಖಾನೆಯ ಸೀಸವೋ ಬಸವಣ್ಣೆಮ್ಮನದೋ ಎಂದು ಯಾರು ಹೇಳುತ್ತಾರೆ? ಅಷ್ಟೇ ಅಲ್ಲ. ಕಾರ್ಖಾನೆಯ ಮ್ಯಾನೇಜರ್ ಇದನ್ನು ನೋಡಿದರೆ ಸಾಕು, ಒಂದಕ್ಕೆ ಪೂಜೆ ಮಾಡಿದವರು ಉಳಿದ ಆರಕ್ಕೆ ಏನು ಮಾಡಿಲ್ಲ ಎಂದು ಕೇಳುತ್ತಾನೆ. ಎಲ್ಲರೂ ನಗುತ್ತಾರೆ. ಏಳೂ ಚೀಲ ಕಸಕ್ಕೆ ಹೋಗುತ್ತವೆ. ರಾತ್ರಿ ಧೂಳು ಉದುರುತ್ತಲೇ ಇರುತ್ತದೆ.

“ಯಕ್ಕಾ, ಪೂಜಿ ವಿಷಯ ಸಾಹೇಬ್ರ ಮುಂದ ಎತ್ತಬ್ಯಾಡ್ರಿ. ಅವರಿಗೆ ತಿಳಿಯಂಗಿಲ್ಲ.”

“ನಮ್ಮ ದೇವರ ಮಾತು ಅವರ ಮುಂದ ನಾ ಯಾಕ ಆಡ್ಲಿ?” ಎನ್ನುತ್ತ ಅವಳು ನಲ್ಲಿಯ ಕಡೆ ನಡೆದಳು.

ಅವಳು ಮರೆಯಾಗುವವರೆಗೆ ಮಹೇಶ್ವರಿ ಕಾದಳು. ಕಾರ್ಖಾನೆಯ ಗೋಡೆಯಾಚೆ ಯಾರೋ ಕೆಮ್ಮಿದಂತಾಯಿತು, ಮತ್ತೆ ಸದ್ದಿಲ್ಲ. ದಾರದ ಗಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಚೀಲವನ್ನು ಸೆರಗಿನೊಳಗೆ ಸುತ್ತಿಕೊಂಡಳು. ಊದುಬತ್ತಿ ಕಡ್ಡಿ, ಕಾಯಿಚೂರು ಎಲ್ಲ ಹೆಕ್ಕಿದಳು. ಮನೆಗೆ ಬಂದು ನೀರೊಲೆಗೆ ಹಾಕಿದಾಗ ಬಲೆ ಕರಗಿ ಕಪ್ಪು ಹೊಗೆ ಎದ್ದಿತು.

“ಏನದು ಗಬ್ಬು ವಾಸನಿ?” ಗಾಳೇಶ ಒಳಗಿನಿಂದ ಕೂಗಿದ.

“ಪ್ಲಾಸ್ಟಿಕ್ ರೀ.”

ಸುಳ್ಳು ಹೇಳಬಾರದು ಎಂದು ಅವಳು ದಾರಿಯಲ್ಲೇ ನಿರ್ಧರಿಸಿದ್ದಳು. ಹೇಳುವ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿಕೊಂಡಿದ್ದಳು: ‘ಒಂದು ಚೀಲ ಜಾಗದಲ್ಲಿಲ್ಲ.’ ಆರು ಉಳಿದಿವೆ. ಆರರಲ್ಲಿ ಧೂಳು ಸಿಗುತ್ತದೆ, ಸಾಕು.

ಹೊತ್ತು ಏರಿದ ಮೇಲೆ ಜೀಪು ಬಂತು. ಪರಿಸರ ಅಧಿಕಾರಿ, ಅವರ ಸಹಾಯಕ, ಕಾರ್ಖಾನೆಯ ಮ್ಯಾನೇಜರ್, ಹಿಂದೆ ಊರ ಮಂದಿ. ಆರು ಚೀಲಗಳನ್ನು ಒಂದೊಂದಾಗಿ ಇಳಿಸಿ ಅರಗಿನ ಮುದ್ರೆ ಒತ್ತಿದರು. ಹೈದರಸಾಬ ತನ್ನ ಅಂಗಡಿಯ ಮುಂದಿನ ಚೀಲವನ್ನು ಬೀಳ್ಕೊಡುವವನಂತೆ, “ಮಸಾಲಿಗಿ ಹಾಕೂ ಮಾಲು ಮೂರು ತಿಂಗಳ ಕಣ್ಣ ಮುಂದ ತೂಗಾಡ್ತು, ನಾ ಒಂದು ಚೂರ ಮುರಿದಿಲ್ರಿ ಸಾಹೇಬ್ರ, ಬರಕೊಳ್ರಿ,” ಎಂದ. ಅಧಿಕಾರಿ ನಕ್ಕರು.

ಬೇವಿನ ಮರದ ಕೆಳಗೆ ಬಂದಾಗ ಅವಳು ತಯಾರಿಟ್ಟ ಮಾತು ಹೇಳಿದಳು. “ಸರ್, ಒಂದು ಚೀಲ ಜಾಗದಲ್ಲಿಲ್ಲ.”

“ಮಂಗ ಒಯ್ದಿರಬೇಕು,” ಎಂದ ಮ್ಯಾನೇಜರ್.

“ಮಂಗ ಗಂಟು ಬಿಚ್ಚಿ ಒಯ್ತಾವೇನೋ ಯಪ್ಪಾ?” ಬಸವಣ್ಣೆಮ್ಮ ಮಂದಿಯನ್ನು ಸರಿಸಿ ಮುಂದೆ ಬಂದಳು. ಟೊಂಗೆಯಲ್ಲಿ ಜೋತಿದ್ದ ದಾರವನ್ನು ಹಿಡಿದು ತೋರಿಸಿದಳು. “ನೋಡ್ರಿ, ಹರಿದಿಲ್ಲ, ಬಿಚ್ಚ್ಯಾರ! ಬೆಳಿಗ್ಗಿ ಇತ್ತು, ನಾ ಕಣ್ಣಾರೆ ನೋಡೀನಿ. ಈ ಅಕ್ಕೋರೂ ನೋಡ್ಯಾರ. ಹೌದಲ್ಲೇನವ್ವಾ?”

ಎಲ್ಲರೂ ಮಹೇಶ್ವರಿಯ ಕಡೆ ತಿರುಗಿದರು.

“ಹೌದು,” ಎಂದಳು. “ಬೆಳಿಗ್ಗೆ ಇತ್ತು.”

ಅದೂ ನಿಜವೇ. ಆದರೆ ಆ ಮಾತಿಗೆ ಮಂದಿ ಒಮ್ಮೆಲೇ ಕೆರಳಿತು. ಗೋಡೆ ಯಾರದು, ಹತ್ತಿರ ಇದ್ದವರು ಯಾರು, ಚೀಲ ಇಲ್ಲದಿದ್ದರೆ ಲಾಭ ಯಾರಿಗೆ? “ಸಾಕ್ಷಿ ಕದ್ದಾರ!” ಎಂದು ಯಾರೋ ಕೂಗಿದರು. ಹೆಂಗಸರು ಜೀಪಿನ ಮುಂದೆ ಕುಳಿತುಬಿಟ್ಟರು. ಮ್ಯಾನೇಜರನ ಮುಖದಲ್ಲಿ ಮೊದಲ ಬಾರಿಗೆ ಹೆದರಿಕೆ ಕಂಡಿತು.

“ರಾತ್ರಿಯಿಂದ ಬೆಳಿಗ್ಗೆ ಎಂಟರವರೆಗೆ ಈ ಕಡೆ ಡ್ಯೂಟಿ ಯಾರದು? ಕರೀರಿ ಅವನ್ನ!”

ಕಾವಲುಗಾರ ತಿಮ್ಮಣ್ಣ ಅದೇ ಊರಿನವನು. ನಿದ್ದೆಗಣ್ಣಿನಲ್ಲಿ ಬಂದವನಿಗೆ ಏನಾಗಿದೆ ಎಂದು ತಿಳಿಯಲು ಹೊತ್ತು ಹಿಡಿಯಿತು. “ನಾ ಮುಟ್ಟಿಲ್ರಿ. ಹುಲಗೆಮ್ಮನ ಆಣಿಗೂ ಮುಟ್ಟಿಲ್ರಿ.”

“ಕಂಪನಿ ಪಗಾರ ತಿಂದು ಊರಿನ ಮಣ್ಣಿಗಿ ಎರಡು ಬಗೀತೀಯಲ್ಲೋ,” ಎಂದ ಒಬ್ಬ.

“ಏ ಮಾವಾ, ನನ್ನ ಮನಿ ಮ್ಯಾಲೆ ಧೂಳ ಬೀಳಂಗಿಲ್ಲೇನು? ನಾ ಯಾಕ ಕದೀಲಿ?”

ಅವನ ಮಾತು ಯಾರೂ ಕೇಳಲಿಲ್ಲ. ಕಾರ್ಖಾನೆಯ ಮೇಲೆ ಬಂದ ಮಾತನ್ನು ಒಬ್ಬನ ತಲೆಗೆ ಕಟ್ಟಿ ಮುಗಿಸುವ ಆತುರ ಮ್ಯಾನೇಜರನಿಗೆ. “ನಾಳೆಯಿಂದ ನೀನು ಬರಬೇಡ,” ಎಂದುಬಿಟ್ಟ. ಅಧಿಕಾರಿ ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಜೀಪಿನ ಮುಂದೆ ಕುಳಿತವರ ಕಡೆ ನೋಡಿದರು. “ಕದಿಯಲು ಬಾರದಂಥದ್ದನ್ನೇ ಇಡೋಣ. ಶಾಲೆಯ ಮಾಳಿಗೆಯ ಮೇಲೆ ಒಂದು ತಿಂಗಳು ಗಾಳಿ ಅಳೆಯುವ ಯಂತ್ರ ಕೂಡಿಸುತ್ತೇವೆ. ಹಗಲು ರಾತ್ರಿ ನಡೆಯುತ್ತದೆ. ಕಂಪನಿಯದೇನಾದರೂ ಅಭ್ಯಂತರ?”

“ಇಲ್ಲ, ಇಲ್ಲ,” ಎಂದ ಮ್ಯಾನೇಜರ್.

ಮಂದಿ ಹೋ ಎಂದಿತು. ಅದೇ ಗದ್ದಲದಲ್ಲಿ ತಿಮ್ಮಣ್ಣ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಮಹೇಶ್ವರಿ ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಈಗ ಹೇಳಿದರೆ ಇವನ ಕೆಲಸ ಉಳಿಯುತ್ತದೆ. ಯಂತ್ರ ಹೋಗುತ್ತದೆ, ಮುದ್ರೆ ಒತ್ತಿದ ಆರು ಚೀಲಗಳೂ ಹೋಗುತ್ತವೆ, ಕದ್ದವಳು ತಾನೇ ಎಂದಾಗುತ್ತದೆ. ಅವಳು ತುಟಿ ತೆರೆದಳು. ಅಷ್ಟರಲ್ಲಿ ಅಧಿಕಾರಿ ಪಂಚನಾಮೆಯ ಹಾಳೆ ಚಾಚಿದರು. ಸಹಿ ಹಾಕಿದಳು.

ಆ ವಾರವೇ ಗಾಳಿ ಅಳೆಯುವ ಯಂತ್ರ ಬಂತು. ಅದು ಇರುವವರೆಗೆ ಕಾರ್ಖಾನೆಯವರು ರಾತ್ರಿ ಧೂಳು ಬಿಡುವುದಿಲ್ಲ, ಆಮೇಲೆ? ಆಮೇಲಿನದಕ್ಕೆ ಆರು ಚೀಲಗಳ ವರದಿ ಬೇಕು, ಅದಿನ್ನೂ ಬಂದಿಲ್ಲ. ಬಾಗಿಲು ಬಡಿದ ಸದ್ದಾದರೆ ಕಿಟಕಿಯಿಂದ ನೋಡಿಯೇ ತೆರೆಯುತ್ತಿದ್ದಳು. ಅಂದು ಗೋಡೆಯಾಚೆ ಕೆಮ್ಮಿದವರು ಯಾರು?

ಗಂಗಾವತಿಯಲ್ಲಿ ಅಕ್ಕಿಗಿರಣಿಯೊಂದರ ಮೇಸ್ತ್ರಿಯಾಗಿದ್ದ ಅಣ್ಣ ಗವಿಸಿದ್ದೇಶನಿಗೆ ಫೋನು ಮಾಡಿದಳು. “ನಿಮ್ಮ ಗಿರಣ್ಯಾಗ ಕಾವಲಿಗೆ ಮಂದಿ ಬೇಕಂದಿದ್ದೆಲ್ಲ. ನಮ್ಮೂರಾಗ ಒಬ್ಬರು ಅದಾರ.”

“ಕಳ್ಳತನದ ಮ್ಯಾಲೆ ತಗದಾರಂತಲ್ಲ ಅವನ್ನ? ಸುದ್ದಿ ಇಲ್ಲಿತನಕ ಬಂದೈತಿ.”

“ಅವ ಕದ್ದಿಲ್ಲ.”

“ನಿನಗ್ಹೆಂಗ ಗೊತ್ತು?”

“ಗೊತ್ತು ಅಂತ ಇಟ್ಕೊ ಅಣ್ಣಾ. ನಾ ಜಾಮೀನು.”

ಕೆಲಸಕ್ಕೆ ಹೊರಡುವ ದಿನ ತಿಮ್ಮಣ್ಣ ಗಂಟು ಕಂಕುಳಲ್ಲಿಟ್ಟುಕೊಂಡು ಮನೆಯ ಮುಂದೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

“ಊರಾಗ ನೀವೊಬ್ರ ನನ್ನ ನಂಬಿದ್ರಿ ಅಕ್ಕೋರ. ನನ್ನ ಹೇಣ್ತಿ ಸೈತ ನಂಬಿಲ್ಲ. ಖರೆ ಹೇಳು, ಎಷ್ಟ ಕೊಟ್ಟಾರ, ರೊಕ್ಕ ಎಲ್ಲಿಟ್ಟಿ ಅಂತ ಕೇಳ್ತಾಳ್ರಿ.”

ನಗಿಸಲೆಂದೇ ಹೇಳಿದ್ದ. ಅವಳಿಗೆ ನಗಲಾಗಲಿಲ್ಲ.

“ಒಂದ ಮಾತು ಕೇಳ್ಲ್ಯಾ? ಅದನ್ನ ಯಾರು ಒಯ್ದಿರಬಹುದ್ರಿ?”

ಅವನ ಕಣ್ಣಲ್ಲಿ ಗುಮಾನಿ ಇದೆಯೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಅಥವಾ ಅವಳಿಗೆ ಕಾಣಲಿಲ್ಲ. ಇಷ್ಟು ದಿನ ಆಡಿದ ಪ್ರತಿ ಮಾತನ್ನೂ ಅವಳು ಸುಳ್ಳಾಗದ ಹಾಗೆ ಆರಿಸಿದ್ದಳು. ಈ ಪ್ರಶ್ನೆಗೆ ಅಂಥ ಮಾತು ಸಿಗಲಿಲ್ಲ.

“ಗೊತ್ತಿಲ್ಲ ತಿಮ್ಮಣ್ಣ,” ಎಂದಳು.

ಅವನು ಕೈಮುಗಿದು ಬಸ್ಸಿನ ದಾರಿ ಹಿಡಿದ. ಅವಳು ಹೊಸ್ತಿಲಲ್ಲೇ ನಿಂತಳು. ಗಾಳೇಶನಿಗೆ ಹೇಳಿದರೆ ಅವನು ಹೆದರುತ್ತಾನೆ. ಮೇಡಂಗೆ ಹೇಳಿದರೆ ಆರು ಚೀಲಗಳನ್ನೂ ಕೈಬಿಡು ಎನ್ನುತ್ತಾರೆ, ಮತ್ತು ಹಾಗೆ ಹೇಳುವುದೇ ಸರಿ. ತಿಮ್ಮಣ್ಣನಿಗೆ ಹೇಳಿದ್ದರೆ ಅವನ ಮನೆಯಲ್ಲಿ ಇಂದು ರಾತ್ರಿಯೇ ಜಗಳ ನಿಲ್ಲುತ್ತಿತ್ತು. ಇನ್ನೂ ಹೊತ್ತಿದೆ, ಕೂಗಿದರೆ ಅವನಿಗೆ ಕೇಳಿಸುತ್ತದೆ.

ಒಳಗಿನಿಂದ ಗಾಳೇಶ, “ಯಾರು ಬಂದಿದ್ರು?” ಎಂದ.

“ತಿಮ್ಮಣ್ಣ. ಗಂಗಾವತಿಗೆ ಹೊಂಟಾನ.”

“ಏನಂದ?”

“ಏನಿಲ್ಲ.”

ತಿಮ್ಮಣ್ಣ ರಸ್ತೆಯ ತಿರುವು ದಾಟುವವರೆಗೆ ನೋಡುತ್ತ ನಿಂತಳು. ಕೂಗಲಿಲ್ಲ. ಇದನ್ನು ಇನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಬಾಗಿಲು ಮುಂದೆ ಮಾಡಿದಳು.